ಬುಟ್ಟಿಯಲ್ಲಿ ಕೋಳಿ, ಸೋಫಾದಲ್ಲಿ ಯಜಮಾನ

ನಮ್ಮ ಮನೆಗಳಿಗೆ ಈಗ ಹೊಸದೊಂದು ಯಂತ್ರ ಬಂದು ಕೂತಿದೆ. ಹೆಸರು ಏರ್ ಫ್ರೈಯರ್. ಕೊಲ್ಲಿಯಿಂದ ರಜೆಗೆ ಬರುವವರ ರಟ್ಟಿನ ಪೆಟ್ಟಿಗೆಗಳಲ್ಲಿ ಅದು ಮಂಗಳೂರು, ಭಟ್ಕಳಗಳಿಗೆ ಬಂತು. ಬೆಂಗಳೂರಿನ ಫ್ಲಾಟುಗಳಿಗೆ ಕಂತಿನ ಮೇಲೆ ಬಂತು. ಈಗ ಮದುವೆಯ ಉಡುಗೊರೆಯಾಗಿಯೂ ಬರುತ್ತಿದೆ. ಅದರ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ: ಬುಟ್ಟಿಯನ್ನು ಹೊರಗೆಳೆದರೆ ಒಳಗೆ ಹೊಂಬಣ್ಣಕ್ಕೆ ತಿರುಗಿದ ಇಡೀ ಕೋಳಿ. ಎಳೆಯುತ್ತಿರುವವಳು ಹೆಂಗಸು. ಮೇಜಿನ ಸುತ್ತ ಕಾಯುತ್ತಾ ಕೂತವರು ಗಂಡ, ಮಾವ, ಮಕ್ಕಳು. ರಮಝಾನ್ ಹತ್ತಿರ ಬಂದರೆ ಚಿತ್ರದ ಮೂಲೆಗೆ ಒಂದು ಬಾಲಚಂದ್ರ, ಒಂದು ಕಂದೀಲು ಸೇರಿಕೊಳ್ಳುತ್ತದೆ. ಉಳಿದದ್ದೆಲ್ಲ ಹಾಗೆಯೇ ಇರುತ್ತದೆ.

ಯಂತ್ರದ ಮೇಲೆ ನಮ್ಮ ತಕರಾರೇನೂ ಇಲ್ಲ. ತಕರಾರು ಇರುವುದು ಆ ಚಿತ್ರದ ಮೇಲೆ. ಸಣ್ಣದೊಂದು ಕೋಳಿಯನ್ನೋ ನಾಲ್ಕು ಗೌಜಲ ಹಕ್ಕಿಗಳನ್ನೋ ಇಡಿಯಾಗಿ ಬೇಯಿಸುವ ಕೆಲಸವನ್ನು ಈ ಪೆಟ್ಟಿಗೆ ಎಷ್ಟು ಸುಲಭ ಮಾಡಿದೆಯೆಂದರೆ, ಅಡುಗೆ ಗೊತ್ತಿಲ್ಲ ಎಂಬ ಗಂಡಸಿನ ಹಳೆಯ ನೆವ ಇನ್ನು ನಡೆಯುವುದಿಲ್ಲ. ಬಾಣಲೆಯ ಮುಂದೆ ನಿಲ್ಲಬೇಕಿಲ್ಲ, ಹದ ನೋಡುತ್ತಿರಬೇಕಿಲ್ಲ, ಎಣ್ಣೆ ಸಿಡಿಯುವುದಿಲ್ಲ, ತಳ ಹಿಡಿಯುವುದಿಲ್ಲ. ಮಸಾಲೆ ಹಚ್ಚಿ ಒಳಗಿಟ್ಟು ಗುಂಡಿ ತಿರುಗಿಸಿದರೆ ಮುಗಿಯಿತು, ನಡುವೆ ಒಮ್ಮೆ ಮಗುಚಿದರೆ ಸಾಕು. ಇಷ್ಟಾದ ಮೇಲೂ ಆ ಗುಂಡಿಯನ್ನು ಹೆಂಗಸೇ ತಿರುಗಿಸಬೇಕು, ಆ ಬುಟ್ಟಿಯನ್ನು ಹೆಂಗಸೇ ತೊಳೆಯಬೇಕು ಎಂದಾದರೆ, ಈವರೆಗೆ ನಾವು ಹೇಳುತ್ತಾ ಬಂದ ಕಾರಣಗಳು ಕಾರಣಗಳೇ ಆಗಿರಲಿಲ್ಲ. ಅವು ಕುಳಿತು ಉಣ್ಣುವವರ ಸೌಕರ್ಯಕ್ಕೆ ಹೆಣೆದ ಮಾತುಗಳಾಗಿದ್ದವು.

ಪೆಟ್ಟಿಗೆಯೊಳಗೆ ಇರುವುದೇನು?

ಮೊದಲಿಗೆ ಈ ಯಂತ್ರದ ಸುತ್ತ ಕಟ್ಟಿರುವ ಮಂತ್ರವನ್ನು ಬಿಡಿಸಿ ನೋಡುವುದು ಒಳ್ಳೆಯದು. 2010ರಲ್ಲಿ ಬರ್ಲಿನ್ನಿನ ಐ.ಎಫ್.ಎ. ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪೆನಿ ಇದನ್ನು ಜಗತ್ತಿನ ಮುಂದಿಟ್ಟಿತು. ಇದರ ಹಿಂದಿನ ಕಲ್ಪನೆ ಫ್ರೆಡ್ ವಾನ್ ಡೆರ್ ವೇಯ್ ಎಂಬ ಡಚ್ಚರದು. ಎಣ್ಣೆಯಲ್ಲಿ ಮುಳುಗಿಸದೆ ಆಲೂಗಡ್ಡೆಯ ತುಂಡುಗಳನ್ನು ಗರಿಗರಿಯಾಗಿಸುವುದು ಹೇಗೆ ಎಂಬುದು ಅವರು ಬಿಡಿಸಹೊರಟ ಒಗಟು. ಯಂತ್ರದ ತಲೆಯ ಭಾಗದಲ್ಲಿ ಕೆಂಪಗೆ ಕಾಯುವ ಒಂದು ಸುರುಳಿ, ಅದರ ಮೇಲೊಂದು ಫ್ಯಾನು. ಕಾದ ಗಾಳಿ ವೇಗವಾಗಿ ಕೆಳಗಿಳಿದು, ತೂತುಗಳಿರುವ ಬುಟ್ಟಿಯ ಮೂಲಕ ಹಾದು, ಆಹಾರವನ್ನು ಎಲ್ಲ ಕಡೆಯಿಂದಲೂ ಸುತ್ತಿಕೊಂಡು ಮತ್ತೆ ಮೇಲೇರುತ್ತದೆ. ಮೇಲ್ಮೈಯ ನೀರಿನಂಶ ಬೇಗ ಆರುತ್ತದೆ, ಆರಿದ ಮೇಲೆ ಬಣ್ಣ ಬರುತ್ತದೆ. ಅಷ್ಟೇ. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಇದು ಕರಿಯುವುದಿಲ್ಲ. ಇದೊಂದು ಚಿಕ್ಕ, ಚುರುಕಾದ ಓವನ್.

ಕೋಳಿಗೆ ಈ ಚಿಕ್ಕತನವೇ ಅನುಕೂಲ. ದೊಡ್ಡ ಓವನ್ ಕಾಯಲು ಹಿಡಿಯುವ ಸಮಯ ಇದಕ್ಕೆ ಬೇಡ. ಚರ್ಮದಡಿಯ ಕೊಬ್ಬು ಕರಗಿ ಚರ್ಮವನ್ನೇ ಗರಿಗರಿಯಾಗಿಸಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. 1500 ವಾಟಿನ ಯಂತ್ರದಲ್ಲಿ ಒಂದು ಸಣ್ಣ ಕೋಳಿ ಬೆಂದು ಬರುವಷ್ಟರಲ್ಲಿ ಒಂದು ಯೂನಿಟ್ ಆಸುಪಾಸು ವಿದ್ಯುತ್ ಖರ್ಚಾಗುತ್ತದೆ. ಇದೆಲ್ಲ ನಿಜವಾದ ಲಾಭ, ಒಪ್ಪೋಣ.

ಆದರೆ ಆರೋಗ್ಯದ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ಒಪ್ಪಲಾಗದು. ಕರಿಯುವುದಕ್ಕಿಂತ ಇಷ್ಟು ಪಾಲು ಕಡಿಮೆ ಎಣ್ಣೆ ಎಂದು ಸಾರುತ್ತಾರೆ. ಸಮೋಸದ ಮಟ್ಟಿಗೆ, ಕಬಾಬಿನ ತುಂಡುಗಳ ಮಟ್ಟಿಗೆ ಆ ಮಾತು ನಿಂತೀತು. ಇಡೀ ಕೋಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ರೂಢಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿತ್ತು? ತಂದೂರಿನಲ್ಲಿ ಸುಟ್ಟ ಕೋಳಿಗೆ, ಕೆಂಡದ ಮೇಲೆ ತಿರುಗಿದ ಕೋಳಿಗೆ, ಮಣ್ಣಿನ ಗಡಿಗೆಯಲ್ಲಿ ಮುಚ್ಚಿ ಬೇಯಿಸಿದ ಕೋಳಿಗೆ ಎಣ್ಣೆಯ ಮಡು ಬೇಕಿರಲಿಲ್ಲ. ಮಾಡದ ತಪ್ಪಿಗೆ ಪರಿಹಾರ ಮಾರುವುದು ಹಳೆಯ ವ್ಯಾಪಾರಿ ಬುದ್ಧಿ. ಹನ್ನೆರಡು ಬಗೆಯ ಕರಿದ ತಿಂಡಿಗಳನ್ನು ಇಫ್ತಾರಿನ ಸುಫ್ರಾದ ಮೇಲೆ ಹರಡಿ, ಅದರ ನಡುವೆ ಎಣ್ಣೆಯಿಲ್ಲದ ಕೋಳಿಯೊಂದನ್ನು ಇಟ್ಟು, ನಾವೀಗ ಆರೋಗ್ಯದ ದಾರಿ ಹಿಡಿದೆವು ಎಂದು ಬೀಗುವುದರಲ್ಲಿ ಅರ್ಥವಿಲ್ಲ. ತಿನ್ನಿರಿ, ಕುಡಿಯಿರಿ, ಮಿತಿ ಮೀರಬೇಡಿ ಎಂಬ ಕುರ್‌ಆನಿನ ಆದೇಶ ಯಂತ್ರದ ಆಯ್ಕೆಯ ಬಗ್ಗೆ ಹೇಳಿದ್ದಲ್ಲ.

ಉಳಿದ ಸಮಯ ಯಾರದು?

ಸಮಯ ಉಳಿಸುತ್ತದೆ ಎನ್ನುತ್ತಾರೆ. ಯಾರ ಸಮಯ, ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಲೀಟರಿನ ಬುಟ್ಟಿಯಲ್ಲಿ ಒಂದು ಸಣ್ಣ ಕೋಳಿ ಕೂರುತ್ತದೆ, ಅಥವಾ ಮೂರು ನಾಲ್ಕು ಗೌಜಲ ಹಕ್ಕಿಗಳು. ಒತ್ತೊತ್ತಾಗಿ ತುಂಬಿದರೆ ಗಾಳಿ ಆಡುವುದಿಲ್ಲ, ಗಾಳಿ ಆಡದಿದ್ದರೆ ಯಂತ್ರ ಇದ್ದೂ ಇಲ್ಲದಂತೆ. ಮನೆಯಲ್ಲಿ ಎಂಟು ಮಂದಿ ಇದ್ದಾರೆ ಎನ್ನಿ. ಎರಡು ಕೋಳಿ ಬೇಕು, ಅಂದರೆ ಎರಡು ಸುತ್ತು, ಹತ್ತಿರ ಹತ್ತಿರ ಎರಡು ಗಂಟೆ. ಒಂದು ದೊಡ್ಡ ಪಾತ್ರೆಯ ಸಾರು ಅದೇ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಆಗಿ ಮುಗಿಯುತ್ತಿತ್ತು. ಈಗ ಸಾರೂ ಬೇಕು, ಯಂತ್ರದ ಕೋಳಿಯೂ ಬೇಕು. ನಡುವೆ ಬಂದ ಕೊಬ್ಬನ್ನು ಬಸಿಯಬೇಕು, ಕಡೆಗೆ ಜಾಲರಿಯ ಸಂದುಗಳಲ್ಲಿ ಕಚ್ಚಿಕೊಂಡ ಮಸಾಲೆಯನ್ನು ಬ್ರಷ್ ಹಿಡಿದು ಉಜ್ಜಬೇಕು. ಮೊದಲು ಎರಡು ಪಾತ್ರೆ ತೊಳೆಯುತ್ತಿದ್ದವಳು ಈಗ ಮೂರು ತೊಳೆಯುತ್ತಾಳೆ. ಇದಕ್ಕೆ ನಾವು ಇಟ್ಟ ಹೆಸರು ಸೌಕರ್ಯ!

ಇದು ಇಂದಿನ ಕಥೆಯಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಒಲೆ, ಬಟ್ಟೆ ಒಗೆಯುವ ಯಂತ್ರ, ನಿರ್ವಾತ ಗುಡಿಸುವ ಯಂತ್ರಗಳ ಚರಿತ್ರೆಯನ್ನು ಬರೆದು ಇದನ್ನೇ ತೋರಿಸಿದರು. ಯಂತ್ರ ಬಂದಾಗಲೆಲ್ಲ ಮೊದಲು ಕಡಿಮೆಯಾದದ್ದು ಗಂಡಸರ ಮತ್ತು ಮಕ್ಕಳ ಪಾಲಿನ ಕೆಲಸ. ಕಬ್ಬಿಣದ ಒಲೆ, ಆಮೇಲೆ ಗ್ಯಾಸು ಬಂದಾಗ ಸೌದೆ ಒಡೆಯುವ ಗಂಡಸಿಗೆ ಬಿಡುವಾಯಿತು. ಅಡುಗೆ ಮಾಡುವವಳ ಕೆಲಸ ಹಾಗೆಯೇ ಉಳಿದು, ಮೇಲೆ ಹೊಸ ನಿರೀಕ್ಷೆಗಳೂ ಸೇರಿಕೊಂಡವು. ಒಂದು ಬಗೆಯ ಅಡುಗೆ ಇದ್ದಲ್ಲಿ ಮೂರು ಬಗೆಯಾಯಿತು. ನಮ್ಮಲ್ಲಿಯೂ ಅಷ್ಟೇ. ರುಬ್ಬುವ ಕಲ್ಲಿನ ಬದಲು ಮಿಕ್ಸಿ ಬಂತು, ಆದರೆ ರುಬ್ಬುವುದನ್ನು ಗಂಡ ಕಲಿಯಲಿಲ್ಲ. ಚಟ್ನಿಗಳ ಸಂಖ್ಯೆ ಹೆಚ್ಚಿತು.

ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದೇ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289 ಆಯಿತು, ಗಂಡಸರದ್ದು 88. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎಂದು ಸಂತೋಷಪಡುವ ಮೊದಲು, ಗಂಡಸರು ಆಗಲೇ ಒಂಬತ್ತು ನಿಮಿಷ ಹಿಂದೆ ಸರಿದದ್ದನ್ನೂ ನೋಡಬೇಕು. ಗಂಡಸರ ಈ ನಿಮಿಷಗಳು ಕೂಡ ಮನೆಗೆಲಸಕ್ಕೆ ಕೈಹಾಕಿದವರದ್ದು ಮಾತ್ರ. 2019ರಲ್ಲಿ ಹಾಗೆ ಕೈಹಾಕಿದ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು 81 ಮಂದಿ. ಉಳಿದ ಮುಕ್ಕಾಲು ಪಾಲು ಗಂಡಸರ ಲೆಕ್ಕ ಸೊನ್ನೆ.

ಈ ಅಂಕಿಗಳು ಮುಸ್ಲಿಮರದ್ದು ಮಾತ್ರವಲ್ಲ, ಇಡೀ ದೇಶದ್ದು. ನಮ್ಮ ಮನೆಯ ಕೊಳೆಯನ್ನು ತೋರಿಸಿ ತಮ್ಮ ಮನೆ ಚೊಕ್ಕಟ ಎನ್ನುವವರಿಗೆ ಇದನ್ನು ನೆನಪಿಸಬೇಕು. ಯುಗಾದಿಯ ಹೋಳಿಗೆಯ ಕಣಕ ನಾದುವವರು ಯಾರು, ಕ್ರಿಸ್‌ಮಸ್ಸಿನ ಕುಸ್ವಾರಕ್ಕೆ ರಾತ್ರಿಯಿಡೀ ಕರಿಯುವವರು ಯಾರು ಎಂದು ಎಲ್ಲರೂ ಅವರವರ ಮನೆಯಲ್ಲಿ ಕೇಳಿಕೊಳ್ಳಲಿ. ಹಾಗೆಂದು, ಎಲ್ಲರ ಮನೆಯ ದೋಸೆಯೂ ತೂತು ಎಂದುಕೊಂಡು ನಾವು ಸುಮ್ಮನಿರಲು ಬರುವುದಿಲ್ಲ. ನಮ್ಮ ಮನೆಗೆ ನಾವೇ ಜವಾಬ್ದಾರರು.

ಧರ್ಮದ ಹೆಸರು ಹೇಳುವವರಿಗೆ

ಈ ಮಾತು ಎತ್ತಿದ ಕೂಡಲೇ ಒಬ್ಬರು ಎದ್ದು ನಿಂತು, ಅಡುಗೆ ಹೆಣ್ಣಿನ ಧಾರ್ಮಿಕ ಕರ್ತವ್ಯ ಎನ್ನುತ್ತಾರೆ. ಹಾಗಿದ್ದರೆ ಧರ್ಮಶಾಸ್ತ್ರವನ್ನೇ ತೆರೆದು ನೋಡೋಣ. ನಮ್ಮ ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಈ ಮದ್‌ಹಬಿನವರು. ಪತ್ನಿ ಗಂಡನಿಗೆ ಅಡುಗೆ ಮಾಡಿಕೊಡುವುದು, ಬಟ್ಟೆ ಒಗೆಯುವುದು ವಿವಾಹದಿಂದ ಅವಳ ಮೇಲೆ ಬರುವ ಕಡ್ಡಾಯವಲ್ಲ ಎಂಬುದೇ ಆ ಮದ್‌ಹಬಿನ ನಿಲುವು. ತವರಿನಲ್ಲಿ ಆಳುಕಾಳು ಇಟ್ಟುಕೊಂಡು ಬೆಳೆದವಳಾದರೆ ಅವಳಿಗೊಬ್ಬ ಸೇವಕಿಯನ್ನು ಒದಗಿಸುವುದು ಗಂಡನ ಹೊಣೆ ಎಂದು ಆ ಫಿಕ್‌ಹ್ ಗ್ರಂಥಗಳು ಹೇಳುತ್ತವೆ. ಹಂಬಲಿ ಮದ್‌ಹಬಿನ ಪ್ರಸಿದ್ಧ ಅಭಿಪ್ರಾಯವೂ ಮನೆಗೆಲಸ ಪತ್ನಿಗೆ ಕಡ್ಡಾಯವಲ್ಲ ಎಂದೇ. ಒಳನಾಡಿನ ನಮ್ಮವರು ಅನುಸರಿಸುವ ಹನಫಿ ವಿದ್ವಾಂಸರು ಅದನ್ನು ಅವಳ ನೈತಿಕ ಹೊಣೆ ಎಂದರು, ಆದರೆ ಖಾಝಿ ಅವಳನ್ನು ಅದಕ್ಕೆ ಬಲವಂತಪಡಿಸುವಂತಿಲ್ಲ ಎಂದರು. ಇಬ್ನು ತೈಮಿಯ್ಯ, ಇಬ್ನುಲ್ ಖಯ್ಯಿಮ್‌ರಂಥವರು ಇದಕ್ಕೆ ಭಿನ್ನವಾಗಿ, ರೂಢಿಯಂತೆ ಪತ್ನಿ ಮನೆಗೆಲಸ ಮಾಡಬೇಕು ಎಂದು ವಾದಿಸಿದ್ದಾರೆ, ನಿಜ. ಆದರೆ ಅವರ ವಾದಕ್ಕೂ ಆಧಾರ ರೂಢಿ. ರೂಢಿ ಬದಲಾಗುವಂಥದ್ದು.

ನಮಾಝಿನಲ್ಲಿ ಕೈ ಎಲ್ಲಿ ಕಟ್ಟಬೇಕೆಂಬ ವಿಷಯದಲ್ಲಿ ಇಮಾಮರ ಮಾತನ್ನು ಒಂದಕ್ಷರ ಬಿಡದೆ ಹಿಡಿಯುವವರು, ಅಡುಗೆಮನೆಯ ವಿಷಯದಲ್ಲಿ ಅದೇ ಇಮಾಮರನ್ನು ಮರೆತುಬಿಡುತ್ತಾರೆ. ಇದೆಂಥ ತಖ್ಲೀದ್?

ಪ್ರವಾದಿ ಮುಹಮ್ಮದ್(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಹ. ಆಯಿಶಾ(ರ)ರನ್ನು ಕೇಳಲಾಯಿತು. ಅವರು ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ನಮಾಝಿನ ಹೊತ್ತಾದಾಗ ಎದ್ದು ಹೊರಡುತ್ತಿದ್ದರು ಎಂಬುದು ಬುಖಾರಿಯಲ್ಲಿ ದಾಖಲಾಗಿರುವ ಉತ್ತರದ ಸಾರ. ಬೇರೆ ವರದಿಗಳಲ್ಲಿ ಅವರು ತಮ್ಮ ಚಪ್ಪಲಿ ಹೊಲಿದುಕೊಳ್ಳುತ್ತಿದ್ದ, ಬಟ್ಟೆಗೆ ತೇಪೆ ಹಾಕಿಕೊಳ್ಳುತ್ತಿದ್ದ, ಆಡಿನ ಹಾಲು ಕರೆಯುತ್ತಿದ್ದ ವಿವರಗಳಿವೆ. ಗಡ್ಡದ ಸುನ್ನತ್ ಗೊತ್ತು, ಮಿಸ್ವಾಕಿನ ಸುನ್ನತ್ ಗೊತ್ತು. ಈ ಸುನ್ನತಿನ ಬಗ್ಗೆ ಮಿಂಬರುಗಳಿಂದ ಎಷ್ಟು ಖುತ್ಬಾಗಳು ಕೇಳಿಬಂದಿವೆ?

ಹ. ಫಾತಿಮಾ(ರ)ರ ಕೈಯಲ್ಲಿ ಬೀಸುಕಲ್ಲಿನಿಂದ ಗಾಯವಾಗಿತ್ತಲ್ಲ, ಸೇವಕಿ ಬೇಕೆಂದಾಗ ತಂದೆ ತಸ್ಬೀಹ್ ಕಲಿಸಿದರಲ್ಲ ಎಂದು ಇನ್ನು ಕೆಲವರು ಕೇಳುತ್ತಾರೆ. ಕಲಿಸಿದರು. ಮಸೀದಿಯ ಜಗುಲಿಯಲ್ಲಿ ಹಸಿದು ಮಲಗುವ ಅಹ್ಲುಸ್ಸುಫ್ಫಾದ ಬಡವರನ್ನು ಬಿಟ್ಟು ತಮ್ಮ ಮಗಳಿಗೆ ಕೊಡಲಾರೆ ಎಂಬುದು ಆ ಘಟನೆಯ ಇನ್ನೊಂದು ವರದಿಯಲ್ಲಿ ಬರುವ ಕಾರಣ. ಇಡೀ ಸಮುದಾಯ ಹಸಿದಿದ್ದಾಗ ತನ್ನ ಮಗಳಿಗೆ ವಿಶೇಷ ಸೌಲಭ್ಯ ಕೊಡದ ಒಬ್ಬ ನಾಯಕನ ನ್ಯಾಯ ಅದು. ಹವಾನಿಯಂತ್ರಿತ ಹಜಾರದಲ್ಲಿ ಮೊಬೈಲ್ ನೋಡುತ್ತಾ ಕೂತ ಗಂಡನಿಗೆ ಅದರಲ್ಲಿ ಯಾವ ವಿನಾಯಿತಿಯೂ ಇಲ್ಲ.

ಉಪವಾಸಿಗನಿಗೆ ಉಣಿಸಿದವರಿಗೆ ಉಪವಾಸಿಗನಷ್ಟೇ ಪುಣ್ಯವಿದೆ, ಹೆಂಗಸರಿಗೆ ಅದು ಸಿಗುತ್ತದಲ್ಲ ಎಂಬುದು ಇನ್ನೊಂದು ಮಾತು. ಪುಣ್ಯದ ಅವಕಾಶವೊಂದನ್ನು ಮೂವತ್ತು ದಿನವೂ ಇಷ್ಟು ಉದಾರವಾಗಿ ಬೇರೆಯವರಿಗೆ ಬಿಟ್ಟುಕೊಡುವ ಗಂಡಸರು, ಮಸೀದಿಯಲ್ಲಿ ಮೊದಲ ಸಾಲಿಗೆ ಮಾತ್ರ ಏಕೆ ನುಗ್ಗುತ್ತಾರೆ? ಹೆಂಗಸೂ ಉಪವಾಸವಿರುತ್ತಾಳೆ. ಸಹರಿಗೆ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಮಗ್‌ರಿಬಿನ ಬಾಂಗ್ ಕೇಳಿದಾಗ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಒಲೆಯ ಪಕ್ಕದಲ್ಲೇ ನಿಂತು ನೀರು ಕುಡಿಯುವವಳೂ ಅವಳು. ಇಫ್ತಾರಿನ ಮೊದಲಿನ ಹೊತ್ತು ದುಆಕ್ಕೆ ಶ್ರೇಷ್ಠವಾದದ್ದು ಎಂದು ಕಲಿಸುತ್ತೇವೆ. ಆ ಹೊತ್ತಿನಲ್ಲಿ ಅವಳ ಎರಡೂ ಕೈಗಳು ಹಿಟ್ಟಿನಲ್ಲಿರುತ್ತವೆ.

ಡೇಗಿನ ಮುಂದೆ ಗಂಡಸು

ಗಂಡಸಿಗೆ ಅಡುಗೆ ಬರುವುದಿಲ್ಲ ಎಂಬುದು ದೊಡ್ಡ ಸುಳ್ಳು. ಮದುವೆಯ ಬಿರಿಯಾನಿ ಡೇಗಿನ ಮುಂದೆ ನಿಲ್ಲುವ ಬಾವರ್ಚಿ ಗಂಡಸು. ಬೆಂಗಳೂರಿನ ಫ್ರೇಝರ್ ಟೌನಿನ ಮಸೀದಿ ರಸ್ತೆಯಲ್ಲಿ ರಮಝಾನ್ ಸಂಜೆಗಳಲ್ಲಿ ಕೆಂಡದ ಮೇಲೆ ಕೋಳಿ ತಿರುಗಿಸಿದವರು, ಗೌಜಲ ಹಕ್ಕಿಗಳನ್ನು ಸಾಲಾಗಿ ಹುರಿದು ಮಾರಿದವರು ಗಂಡಸರು. ಉಡುಪಿಯ ಹೋಟೆಲುಗಳನ್ನು ಕಟ್ಟಿದ ಅಡುಗೆ ಭಟ್ಟರು ಗಂಡಸರು. ಕೂಲಿ ಸಿಗುವ ಕಡೆ, ಹೆಸರು ಬರುವ ಕಡೆ, ಬೀದಿಯಲ್ಲಿ ನಾಲ್ಕು ಮಂದಿ ನೋಡುವ ಕಡೆ ಅಡುಗೆ ಗಂಡಸಿನ ವಿದ್ಯೆ. ಕೂಲಿಯಿಲ್ಲದ ಕಡೆ, ಮೂರು ಹೊತ್ತೂ ಮಾಡಬೇಕಾದ ಕಡೆ ಅದು ಹೆಣ್ಣಿನ ಸ್ವಭಾವ!

ಕೊಲ್ಲಿಗೆ ಹೋದ ನಮ್ಮ ಸಹೋದರರನ್ನೇ ನೋಡಿ. ದುಬೈಯಲ್ಲೋ ದಮ್ಮಾಮಿನಲ್ಲೋ ಆರೇಳು ಮಂದಿ ಒಂದು ಕೋಣೆಯಲ್ಲಿದ್ದಾಗ ಸರದಿಯ ಮೇಲೆ ಅಡುಗೆ ಮಾಡುತ್ತಾರೆ. ಯಾರ ದಿನ ಯಾವುದು ಎಂದು ಗೋಡೆಗೆ ಚೀಟಿ ಅಂಟಿಸಿರುತ್ತಾರೆ. ಕೋಳಿ ಕತ್ತರಿಸುವುದು, ಈರುಳ್ಳಿ ಹೆಚ್ಚುವುದು, ಪಾತ್ರೆ ತಿಕ್ಕುವುದು ಎಲ್ಲವೂ ಬರುತ್ತದೆ. ತಿಂದ ತಟ್ಟೆಯನ್ನು ತೊಳೆಯದೆ ಎದ್ದರೆ ಕೋಣೆಯವರು ಬಿಡುವುದಿಲ್ಲ. ಅದೇ ಮನುಷ್ಯ ರಜೆಗೆಂದು ಬಜ್ಪೆಯಲ್ಲಿ ವಿಮಾನ ಇಳಿದು ಮನೆಯ ಹೊಸಿಲು ದಾಟುತ್ತಿದ್ದಂತೆ ಆ ವಿದ್ಯೆಯೆಲ್ಲ ಎಲ್ಲಿ ಆವಿಯಾಗುತ್ತದೆ? ಪೆಟ್ಟಿಗೆಯಲ್ಲಿ ಏರ್ ಫ್ರೈಯರ್ ತಂದಿರುತ್ತಾನೆ. ಅದನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ನಿನಗೆ ಕೆಲಸ ಸುಲಭವಾಗಲಿ ಎಂದು ತಂದೆ ಎನ್ನುತ್ತಾನೆ. ಪ್ರೀತಿ ನಿಜವೇ ಇರಬಹುದು. ಆದರೆ ನಿನಗೆ ಎಂಬ ಆ ಪದದಲ್ಲಿ ಕೆಲಸ ಯಾರದೆಂಬ ತೀರ್ಮಾನ ಆಗಿಹೋಗಿದೆ.

2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸನ್ಮಾನಗಳನ್ನು ಏರ್ಪಡಿಸಿದೆವು. ಅದಕ್ಕೂ ಮೊದಲು ಸಾರಾ ಅಬೂಬಕ್ಕರ್ ದಶಕಗಳ ಕಾಲ ನಮ್ಮ ಹೆಣ್ಣುಮಕ್ಕಳ ಬದುಕನ್ನು ಬರೆದರು, ಬರೆದದ್ದಕ್ಕೆ ಬೈಗುಳವನ್ನೂ ತಿಂದರು. ನಮ್ಮ ಒಳಮನೆಯ ಹೆಣ್ಣಿನ ಪಾಡು ಸಾಹಿತ್ಯವಾದಾಗ ಚಪ್ಪಾಳೆ ತಟ್ಟುವ ಕೈ, ಸಭೆ ಮುಗಿಸಿ ಮನೆಗೆ ಬಂದ ಮೇಲೆ ತನ್ನ ತಟ್ಟೆಯನ್ನಾದರೂ ತೊಳೆಯಬೇಕಲ್ಲವೇ?

ಇಷ್ಟು ಮಾಡಿದರೆ ಸಾಕು

ಉಪದೇಶವನ್ನು ಗಾಳಿಯಲ್ಲಿ ಬಿಟ್ಟು ಹೋಗುವುದು ನಮಗೆ ಇಷ್ಟವಿಲ್ಲ. ಗೊತ್ತಿಲ್ಲ ಎನ್ನುವ ಗಂಡಸರಿಗಾಗಿ ಇಲ್ಲೇ ಬರೆಯುತ್ತೇವೆ. ಓದಿದ ಮೇಲೆ ಗೊತ್ತಿಲ್ಲ ಎನ್ನುವಂತಿಲ್ಲ.

ಕೋಳಿ ಅಂಗಡಿಯಲ್ಲಿ, ಸ್ವಚ್ಛ ಮಾಡಿದ ಮೇಲೆ 900 ಗ್ರಾಂ ಮೀರದಷ್ಟು ಚಿಕ್ಕ ಕೋಳಿಯನ್ನು ಕೇಳಿ. ನಮ್ಮ ಅಂಗಡಿಗಳಲ್ಲಿ ಚರ್ಮ ಸುಲಿದು ಕೊಡುವುದೇ ರೂಢಿ. ಚರ್ಮ ಉಳಿಸಿ, ಪುಕ್ಕ ಮಾತ್ರ ಕಿತ್ತು ಕೊಡಲು ಹೇಳಿ. ಚರ್ಮವಿಲ್ಲದ ಕೋಳಿ ಈ ಗಾಳಿಯಲ್ಲಿ ಒಣಗಿ ನಾರಾಗುತ್ತದೆ. ಚರ್ಮ ಬೇಡವೇ ಬೇಡ ಎನ್ನುವವರು ಮೊಸರು, ಎಣ್ಣೆ ಬೆರೆಸಿದ ಮಸಾಲೆಯನ್ನು ದಪ್ಪಗೆ ಮೆತ್ತಬೇಕು. ಮನೆಗೆ ತಂದ ಕೋಳಿಯನ್ನು ನಲ್ಲಿಯಡಿ ರಭಸದಿಂದ ತೊಳೆದರೆ ಅದರ ಮೇಲಿನ ರೋಗಾಣುಗಳು ಸಿಂಕಿಗೂ ಪಕ್ಕದ ಪಾತ್ರೆಗೂ ಸಿಡಿಯುತ್ತವೆ. ತೊಳೆಯಲೇಬೇಕೆಂದಿದ್ದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಸಿಂಕನ್ನೂ ಉಜ್ಜಿ. ಆಮೇಲೆ ಹೊರಗೂ ಒಳಗೂ ಬಟ್ಟೆಯಿಂದ ಒತ್ತಿ ಪೂರ್ತಿ ಆರಿಸಿ. ಒದ್ದೆ ಚರ್ಮ ಗರಿಯಾಗುವುದಿಲ್ಲ.

ಉಪವಾಸದಲ್ಲಿ ರುಚಿ ನೋಡುವುದು ಹೇಗೆ ಎಂಬುದು ದೊಡ್ಡ ಪ್ರಶ್ನೆಯಲ್ಲ, ಉಪ್ಪನ್ನು ಅಳತೆಯಲ್ಲಿ ಹಾಕಿ. 900 ಗ್ರಾಮಿಗೆ ಸಮನಾದ ಎರಡು ಚಹಾ ಚಮಚ. ಶುಂಠಿ ಬೆಳ್ಳುಳ್ಳಿ ಅರೆದದ್ದು, ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಕರಿಮೆಣಸು, ಅರಿಶಿನ, ಅರ್ಧ ನಿಂಬೆಯ ರಸ, ಒಂದು ಚಮಚ ಎಣ್ಣೆ. ಇದನ್ನು ಚರ್ಮದ ಮೇಲೂ, ಬೆರಳಿನಿಂದ ಚರ್ಮವನ್ನು ಸಡಿಲಿಸಿ ಎದೆಮಾಂಸದ ಮೇಲೂ, ಒಳಗೂ ಹಚ್ಚಿ. ತೊಡೆಯ ದಪ್ಪ ಭಾಗದಲ್ಲಿ ಎರಡು ಗೀರು ಹಾಕಿ, ಕಾಲುಗಳನ್ನು ದಾರದಿಂದ ಕಟ್ಟಿ. ಲುಹರಿಗೆ ಮೊದಲು ಫ್ರಿಜ್ಜಿನಲ್ಲಿಟ್ಟರೆ ಸಂಜೆಗೆ ಮಸಾಲೆ ಹಿಡಿದಿರುತ್ತದೆ.

ಮಗ್‌ರಿಬಿಗೆ ಒಂದೂಕಾಲು ಗಂಟೆ ಇರುವಾಗ ಯಂತ್ರವನ್ನು 180 ಡಿಗ್ರಿಗೆ ಕಾಯಿಸಿ. ಕೋಳಿಯ ಎದೆ ಕೆಳಗಿರುವಂತೆ ಇಟ್ಟು 25 ನಿಮಿಷ. ಮಗುಚಿ ಎದೆ ಮೇಲೆ ಮಾಡಿ ಇನ್ನೊಂದು 20ರಿಂದ 25 ನಿಮಿಷ. ಕೋಳಿಗೂ ಮೇಲಿನ ಸುರುಳಿಗೂ ನಡುವೆ ಎರಡು ಬೆರಳು ಜಾಗ ಇರಲೇಬೇಕು, ಇಲ್ಲದಿದ್ದರೆ ಮೇಲೆ ಕರಕಲು, ಒಳಗೆ ಹಸಿ. ತೊಡೆಯ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ, ಉಷ್ಣಮಾಪಕ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಉಷ್ಣಮಾಪಕ ಇಲ್ಲದವರು ಕಾಲಿನ ಕೀಲನ್ನು ಬಿಡಿಸಿ ನೋಡಲಿ. ಎಲುಬಿನ ಪಕ್ಕದ ಮಾಂಸ ಹಸಿಯಾಗಿ ಹೊಳೆಯುತ್ತಿದ್ದರೆ ಇನ್ನೂ ಐದು ನಿಮಿಷ ಇಡಲಿ. ಹೊರತೆಗೆದು ಹತ್ತು ನಿಮಿಷ ಬಿಟ್ಟು ಕತ್ತರಿಸಿದರೆ ರಸ ಮಾಂಸದಲ್ಲೇ ನಿಲ್ಲುತ್ತದೆ.

ಗೌಜಲ ಹಕ್ಕಿ ಇನ್ನೂ ಸುಲಭ. ಉರ್ದು ಮನೆಗಳಲ್ಲಿ ಬಟೇರ್ ಎನ್ನುತ್ತಾರೆ, ಮಲಯಾಳದ ಕಾಡ ಎಂಬ ಹೆಸರೂ ಕರಾವಳಿಗೆ ಪರಿಚಿತ. ಕಾಡಿನ ಗೌಜಲವನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಗಡಿಗಳಲ್ಲಿ ಸಿಗುವುದು ಸಾಕಿದ ಜಪಾನಿ ತಳಿ. 1970ರ ದಶಕದಲ್ಲಿ ನಮ್ಮ ದೇಶಕ್ಕೆ ತಂದು ಬರೇಲಿ ಬಳಿಯ ಇಜ್ಜತ್‌ನಗರದ ಸಂಶೋಧನಾ ಕೇಂದ್ರದಲ್ಲಿ ಅಭಿವೃದ್ಧಿಪಡಿಸಿದ ಈ ಹಕ್ಕಿ ಐದಾರು ವಾರಗಳಲ್ಲಿ ಬೆಳೆದು ನಿಲ್ಲುತ್ತದೆ, 200 ಗ್ರಾಂ ಆಸುಪಾಸು ತೂಗುತ್ತದೆ. ಬೆನ್ನೆಲುಬಿನ ಉದ್ದಕ್ಕೂ ಕತ್ತರಿಯಿಂದ ಸೀಳಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಅದೇ ಮಸಾಲೆ ಹಚ್ಚಿ 190 ಡಿಗ್ರಿಯಲ್ಲಿ ಒಂದು ಬದಿಗೆ ಎಂಟು, ಇನ್ನೊಂದು ಬದಿಗೆ ಆರೇಳು ನಿಮಿಷ ಇಟ್ಟರೆ ಆಯಿತು. ಕೊಬ್ಬು ಕಡಿಮೆಯಾದ್ದರಿಂದ ಹೆಚ್ಚು ಹೊತ್ತು ಬಿಟ್ಟರೆ ಒಣಗುತ್ತದೆ.

ಕೊನೆಯದಾಗಿ, ಇದೂ ಅಡುಗೆಯ ಭಾಗವೇ: ಬುಟ್ಟಿ ಬಿಸಿ ಆರುವ ಮೊದಲೇ ಅದಕ್ಕೆ ಬಿಸಿನೀರು, ಸೋಪು ಹಾಕಿಟ್ಟು ಮಗ್‌ರಿಬ್ ನಮಾಝಿಗೆ ಹೋಗಿ. ಬಂದು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ತಟ್ಟೆಯಲ್ಲಿ ಇಳಿದ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಬೇಯಿಸಿ ಬುಟ್ಟಿಯನ್ನು ಸಿಂಕಿನಲ್ಲಿ ಬಿಟ್ಟು ಬಂದವನು ಅಡುಗೆ ಮಾಡಿದಂತಲ್ಲ, ಅತಿಥಿಯಾಗಿ ಆಟವಾಡಿ ಹೋದಂತೆ.

ಕಡೆಯ ಕೆಲವು ಆಕ್ಷೇಪಗಳು

ಹೆಂಗಸರೇ ನಮ್ಮನ್ನು ಅಡುಗೆಮನೆಗೆ ಬಿಡುವುದಿಲ್ಲ ಎನ್ನುವವರಿದ್ದಾರೆ. ಮಗ ಬುಟ್ಟಿ ತೊಳೆಯುವುದನ್ನು ಕಂಡು ಕಣ್ಣೀರು ಹಾಕುವ ಅತ್ತೆಯರು ನಮ್ಮಲ್ಲಿ ಇದ್ದಾರೆ, ಇಲ್ಲವೆನ್ನುವುದಿಲ್ಲ. ತಾನು ನಲವತ್ತು ವರ್ಷ ಹೊತ್ತದ್ದನ್ನು ಸೊಸೆ ಹೊರದೆ ತಪ್ಪಿಸಿಕೊಂಡಳಲ್ಲ ಎಂಬ ಸಂಕಟ ಅದು. ಅದಕ್ಕೆ ಮದ್ದು ಮಗನೇ ಉಮ್ಮಾನನ್ನು ಕೂರಿಸಿ, ಆಕೆಯ ತಟ್ಟೆಗೆ ತಾನು ಬೇಯಿಸಿದ ಕಾಲನ್ನು ಹಾಕುವುದು. ಮಗನ ಕೈಯ ಊಟವನ್ನು ಎಷ್ಟು ದಿನ ಬೇಡವೆಂದಾಳು?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನವೇ, ಸಮುದಾಯದ ಮುಂದೆ ಬೇರೆ ದೊಡ್ಡ ಸಂಕಟಗಳಿಲ್ಲವೇ ಎಂದು ಕೇಳುವವರೂ ಇದ್ದಾರೆ. ಇವೆ, ಅವುಗಳ ಬಗ್ಗೆ ಬರೆಯುತ್ತಲೇ ಇದ್ದೇವೆ. ಆದರೆ ಹೊರಗೆ ನ್ಯಾಯ ಕೇಳುವವರ ಮನೆಯೊಳಗೆ ನ್ಯಾಯ ಇರಬೇಕು. ನಮ್ಮ ಹೆಣ್ಣುಮಕ್ಕಳು ಓದಬೇಕು, ಬರೆಯಬೇಕು, ನೌಕರಿಗೆ ಸೇರಬೇಕು ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಅದಕ್ಕೆ ಬೇಕಾದ ಹೊತ್ತು ಎಲ್ಲಿಂದ ಬರಬೇಕು? ಆ 289 ನಿಮಿಷಗಳಿಂದಲೇ ಬರಬೇಕು. ಪರೀಕ್ಷೆ ರಮಝಾನಿನಲ್ಲಿ ಬಂದಾಗ ಮಗ ಪುಸ್ತಕದ ಮುಂದೆ, ಮಗಳು ಒಲೆಯ ಮುಂದೆ ಇರುವ ಮನೆಯಲ್ಲಿ ಯಾವ ವಿದ್ಯಾರ್ಥಿವೇತನವೂ ಪೂರ್ತಿ ಫಲ ಕೊಡದು.

ಬನೀ ಇಸ್ರಾಈಲರಿಗೆ ಮರುಭೂಮಿಯಲ್ಲಿ ಮನ್ನ ಮತ್ತು ಸಲ್ವಾ ಇಳಿಸಿಕೊಟ್ಟ ಪ್ರಸಂಗ ಕುರ್‌ಆನಿನ ಅಲ್ ಬಖರ, ಅಲ್ ಅಅ್‌ರಾಫ್, ತ್ವಾಹಾ ಅಧ್ಯಾಯಗಳಲ್ಲಿ ಬರುತ್ತದೆ. ಸಲ್ವಾ ಎಂದರೆ ಗೌಜಲ ಅಥವಾ ಅದನ್ನು ಹೋಲುವ ಹಕ್ಕಿ ಎಂದು ಹೆಚ್ಚಿನ ವ್ಯಾಖ್ಯಾನಕಾರರು ಬರೆದಿದ್ದಾರೆ. ಕಷ್ಟಪಡದೆ ದೊರೆತ ಆ ಊಟದ ಬೆಲೆ ತಿಳಿಯದೆ ಅವರು ಗೊಣಗಿದರು, ಬೇರೆ ಬೇರೆ ಬಗೆ ಬೇಕೆಂದು ಕೇಳಿದರು. ನಮ್ಮ ಗಂಡಸರಿಗೂ ಊಟ ದಿನಾಲೂ ಆಕಾಶದಿಂದ ಇಳಿದಂತೆಯೇ ಬರುತ್ತಿದೆ, ಗೊಣಗಾಟವೂ ಹಾಗೆಯೇ ಇದೆ. ಆದರೆ ಇದು ಆಕಾಶದಿಂದ ಬಂದದ್ದಲ್ಲ. ಪಕ್ಕದ ಕೋಣೆಯಲ್ಲಿ ಉಪವಾಸವಿದ್ದ ಒಬ್ಬಳು ನಿಂತು ಬೇಯಿಸಿದ್ದು.

ಮುಂದಿನ ರಮಝಾನಿಗೆ ಸಮಯವಿದೆ. ಅಷ್ಟರಲ್ಲಿ ಒಂದು ಕೋಳಿಯನ್ನು ಬೇಯಿಸಲು ಕಲಿಯುವುದು ಯಾವ ಗಂಡಸಿಗೂ ಅಸಾಧ್ಯವಲ್ಲ. ವಾರಕ್ಕೆ ಮೂರು ದಿನ ಇಫ್ತಾರ್ ತನ್ನದು ಎಂದು ಪ್ರತಿ ಮನೆಯ ಗಂಡಸರೂ, ಬೆಳೆದ ಗಂಡುಮಕ್ಕಳೂ ಗೋಡೆಗೆ ಚೀಟಿ ಅಂಟಿಸಲಿ, ಕೊಲ್ಲಿಯ ಕೋಣೆಗಳಲ್ಲಿ ಅಂಟಿಸಿದಂತೆಯೇ. ಖತೀಬರು ಶಅ್‌ಬಾನಿನ ಒಂದು ಜುಮಾ ಖುತ್ಬಾವನ್ನು ಮನೆಯವರ ಸೇವೆಯ ಸುನ್ನತಿಗೆ ಮೀಸಲಿಡಲಿ. ಏರ್ ಫ್ರೈಯರ್ ಇಲ್ಲದ ಮನೆಗಳಲ್ಲಿ ಬಾಣಲೆ ಇದೆ, ಗ್ಯಾಸ್ ಒಲೆ ಇದೆ. ಯಂತ್ರ ಇಲ್ಲವೆಂಬುದು ಇನ್ನೊಂದು ನೆವವಾಗದಿರಲಿ.